ಮರದ ಮರೆಯಿಂದ ಹೊರಗೆ ಬನ್ನಿ: ನಮ್ಮ ಜಿಲ್ಲೆಯ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದಿಂದ ವಿಧಾನಸೌಧಕ್ಕೆ, ಪಾರ್ಲಿಮೆಂಟಿಗೆ ಹೋದವರಿಗೆ, ಹೋಗಿ ಸೋತು ಮನೆಗೆ ಬಂದವರಿಗೆ, ಮುಂದಿನ ಸಲ ಹೋಗ್ಬೇಕು ಅಂತ ಈಗಿಂದ್ಲೇ ಮದುವೆ ಮುಂಜಿ ತಿಥಿ ಎಲ್ಲದಕ್ಕೂ ಬರ್ತಾ ಇರೋರಿಗೆ, ಎಲ್ಲ ಪಕ್ಷದವರಿಗೂ, ನಮಸ್ಕಾರ.

ನಾನು ಅಂಕೋಲೆಯಲ್ಲಿ ಸಣ್ಣ ಝೆರಾಕ್ಸ್ ಮತ್ತೆ ಟೈಪಿಂಗ್ ಅಂಗಡಿ ಇಟ್ಕೊಂಡವಳು. ದಿನಾ ಬೆಳಿಗ್ಗೆಯಿಂದ ಸಂಜೆ ತನಕ ಜನರ ಅರ್ಜಿ ಟೈಪ್ ಮಾಡೋದು, ಅಫಿಡವಿಟ್, ಆರ್‌ಟಿಐ, ಪಹಣಿ ತಿದ್ದುಪಡಿ, ಪಿಂಚಣಿ, ಅರಣ್ಯ ಹಕ್ಕಿನ ಮೇಲ್ಮನವಿ, ಹೀಗೇ. ರಾಜಕೀಯ ಶಾಸ್ತ್ರ ಓದಿದವಳಲ್ಲ, ಆದ್ರೆ ಸರ್ಕಾರದ ಕಾಗದ ಮತ್ತೆ ಜನರ ಮುಖ ಎರಡನ್ನೂ ಒಟ್ಟಿಗೆ ನೋಡೋ ಜಾಗದಲ್ಲಿ ಕೂತವಳು, ಅದಕ್ಕೇ ಬರೀತಾ ಇದ್ದೇನೆ.

ಈಚೆಗೆ ಒಂದು ಸಭೆಗೆ ಹೋಗಿದ್ದೆ. ನಿಮ್ಮಲ್ಲೇ ಒಬ್ರು ಮೈಕ್ ಹಿಡ್ಕೊಂಡು ಹೇಳಿದ್ರು, ರಾಜ್ಯಭಾರ ಅಂದ್ರೆ ಭಜನೆ ಅಲ್ಲ, ಜನರಿಗೆ ಒಳ್ಳೇದಾಗ್ಬೇಕು ಅಂದ್ರೆ ಸ್ವಲ್ಪ ಸುಳ್ಳು ಸ್ವಲ್ಪ ತಂತ್ರ ಬೇಕೇ ಬೇಕು, ಕೃಷ್ಣ ಪರಮಾತ್ಮನೇ ಮಾಡಿಲ್ವಾ ಅಂತ. ಜನ ಚಪ್ಪಾಳೆ ಹೊಡೆದ್ರು. ಅವರ ಹೆಸರು ಬರೆಯೋದಿಲ್ಲ, ಯಾಕಂದ್ರೆ ಅದು ಅವರೊಬ್ಬರ ಮಾತಲ್ಲ, ನಿಮ್ಮಲ್ಲಿ ಬಹಳ ಜನ ಮನಸ್ಸಿನೊಳಗೆ ಅದನ್ನೇ ಅಂದ್ಕೊಂಡಿದ್ದೀರಿ, ನಮ್ಮಲ್ಲೂ ಸುಮಾರು ಜನ ಅಂದ್ಕೊಂಡಿದ್ದಾರೆ. ಆವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳ್ತೇನೆ.

ನನ್ನ ತವರು ಇದೇ ಜಿಲ್ಲೆಯ ಒಂದು ಹಳ್ಳಿ, ಹೆಸರು ಬೇಡ. ಕೆಲವು ವರ್ಷದ ಹಿಂದೆ ಅಲ್ಲಿ ಒಂದು ಸಭೆ ಆಯ್ತು, ಬಂದವರಿಗೆಲ್ಲ ಬನ್ಸು ಚಾ ಕೊಟ್ರು, ಬಂದಿದ್ದಕ್ಕೆ ಗುರುತು ಅಂತ ಒಂದು ಹಾಳೆಯಲ್ಲಿ ಸಹಿ ತಗೊಂಡ್ರು. ನನ್ನ ಆಯಿ, ಅಂದ್ರೆ ಅಮ್ಮ, ಅವಳೂ ಹಾಕಿದ್ಲು. ಅವಳು ಶಾಲೆ ಮೆಟ್ಟಿಲು ಹತ್ತಿದವಳಲ್ಲ, ರಾತ್ರಿ ಶಾಲೆಯಲ್ಲಿ ಹೆಸರು ಬರೆಯೋದು ಕಲಿತವಳು, ಅದಕ್ಕೇ ಎಲ್ಲಿ ಸಹಿ ಕೇಳಿದ್ರೂ ಹೆಬ್ಬೆಟ್ಟು ಒತ್ತದೆ ಖುಷಿಯಿಂದ ಬರೀತಿದ್ಲು. ಆಮೇಲೆ ಒಂದು ದಿನ ಊರಿನ ಹುಡುಗ ಒಬ್ಬ ಆರ್‌ಟಿಐಯಲ್ಲಿ ತೆಗೆದ ಕಾಗದ ತಂದು ಅಕ್ಕಾ ಹನ್ನೆರಡು ಕಾಪಿ ಮಾಡಿಕೊಡು ಅಂದ. ಊರಿನ ಗೋಮಾಳದ ಜಾಗ ಒಂದು ಯೋಜನೆಗೆ ಬಿಟ್ಟುಕೊಡೋಕೆ "ನಮ್ಮೆಲ್ಲರ ಸಂಪೂರ್ಣ ಒಪ್ಪಿಗೆ ಇರುತ್ತದೆ" ಅಂತ ಮೇಲೆ ನಾಲ್ಕು ಸಾಲು, ಕೆಳಗೆ ಸಹಿಗಳು. ನಾನು ಕಾಪಿ ತೆಗೀತಾ ಇದ್ದವಳು ಮೆಷಿನ್ ನಿಲ್ಲಿಸಿದೆ. ಮೇಲಿನ ನಾಲ್ಕು ಸಾಲು ನುಡಿ ಫಾಂಟಲ್ಲಿ ಟೈಪ್ ಆಗಿದ್ದು, ಕೆಳಗಿನ ಪಟ್ಟಿ ಸ್ಕೇಲಿಟ್ಟು ಪೆನ್ನಲ್ಲಿ ಗೀಟು ಹಾಕಿದ್ದು, ಎರಡರ ನಡುವೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಒಂದು ಹಾಳೆ ಕತ್ತರಿಸಿ ಇನ್ನೊಂದರ ಮೇಲೆ ಇಟ್ಟು ಝೆರಾಕ್ಸ್ ಮಾಡಿದ್ರೆ ಆ ಅಂಚಿನ ನೆರಳು ಬಂದೇ ಬರ್ತದೆ, ಈ ಕೆಲಸ ಮಾಡೋರಿಗೆ ಅದು ಕಣ್ಣಿಗೆ ಹೊಡೀತದೆ. ಆ ಪಟ್ಟಿಯಲ್ಲಿ ಏಳನೇದು ಆಯಿಯ ಸಹಿ. ಅವಳು ಯಾವಾಗ್ಲೂ ಹೆಸರಿನ ಕೊನೇ ದೀರ್ಘ ಮರೆತು ಆಮೇಲೆ ಸ್ವಲ್ಪ ಮೇಲೆ ಸೇರಿಸ್ತಾಳೆ, ಅದೂ ಹಾಗೇ ಇತ್ತು.

ಈಗ ಮುಖ್ಯ ವಿಷಯ. ಆ ಯೋಜನೆ ಕೆಟ್ಟದ್ದೇನಲ್ಲ, ಕುಡಿಯೋ ನೀರಿಂದು. ನಮ್ಮ ಕಡೆ ಏಪ್ರಿಲ್ ಬಂತು ಅಂದ್ರೆ ಬಾವಿ ನೀರಿಗೆ ಉಪ್ಪು ಏರ್ತದೆ, ಹೆಂಗಸರು ಕೊಡ ಹೊತ್ತು ಹೊತ್ತು ಸೊಂಟ ಬಿದ್ದು ಹೋಗ್ತದೆ, ಟ್ಯಾಂಕ್ ಬೇಕೇ ಇತ್ತು. ಆಯಿಗೆ ಕಾಗದ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ ಹೇಳಿದ್ದು ಒಂದೇ ಮಾತು, "ಕೇಳಿದ್ರೆ ಹೂಂ ಅಂತಿದ್ನಲ್ಲೇ, ಕೇಳ್ಬಹುದಿತ್ತಲ್ಲ." ಟ್ಯಾಂಕ್ ಆಯ್ತು, ನೀರೂ ಬರ್ತದೆ, ಆಯಿ ಅದೇ ನೀರು ಕುಡೀತಾಳೆ. ಆದ್ರೆ ಆವತ್ತಿಂದ ಅವಳು ಯಾವ ಕಾಗದಕ್ಕೂ ಸಹಿ ಹಾಕೋದಿಲ್ಲ ಮಾರಾಯ್ರೆ. ಪಿಂಚಣಿಯ ಕಾಗದಕ್ಕೂ ಹಾಕಲಿಲ್ಲ, ಎರಡು ತಿಂಗಳು ದುಡ್ಡು ನಿಂತು ಹೋಯ್ತು, ನಾನೇ ಹೋಗಿ ಗೋಗರೆದು ಕಾಲು ಹಿಡಿದ ಮೇಲೆ ಹಾಕಿದ್ಲು. ಮನೆಗೆ ಆಶಾ ಕಾರ್ಯಕರ್ತೆ ಬಂದು ಹೆಸರು ಕೇಳಿದ್ರೂ ಎಂತಕ್ಕೆ ಅಂತ ಕೇಳ್ತಾಳೆ. ಒಳ್ಳೇ ಕೆಲಸಕ್ಕೆ ಅಂತಲೇ ಸುಳ್ಳು ಹೇಳಿದ್ರಲ್ಲ, ಆ ಸುಳ್ಳು ಟ್ಯಾಂಕ್ ಕಟ್ಟಿದ ಮೇಲೆ ಮುಗೀಲಿಲ್ಲ, ನಮ್ಮ ಮನೆಯೊಳಗೆ ಬಂದು ಕೂತಿದೆ.

ಇನ್ನು ಕೃಷ್ಣನ ಮಾತಿಗೆ ಬರ್ತೇನೆ. ನೀವೆಲ್ಲ ತಾಳಮದ್ದಳೆ ಕೇಳಿ ಬೆಳೆದವರು, ಅದಕ್ಕೇ ಬೇಸರ ಜಾಸ್ತಿ. ಮಳೆಗಾಲದಲ್ಲಿ ಅಪ್ಪ ನನ್ನನ್ನ ಕಂಬಳಿ ಕೊಪ್ಪೆಯೊಳಗೆ ಹಾಕ್ಕೊಂಡು ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತಿದ್ದ, ಹೊರಗೆ ಸುರಿಯೋ ಮಳೆ, ಒಳಗೆ ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ ಏಳೋಕಾಗದೆ ಮಲಗಿದಲ್ಲಿಂದಲೇ ಕೇಳ್ತಾನೆ, ನಾನು ನಿನಗೆ ಎಂತ ಮಾಡಿದ್ದೆ, ಎದುರಿಗೆ ನಿಂತು ಯುದ್ಧ ಮಾಡದೆ ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಕ್ಷತ್ರಿಯ ಧರ್ಮ ಅಂತ. ಅದು ಗಂಟೆಗಟ್ಟಲೆ ನಡೀತದೆ. ಒಳ್ಳೇ ಅರ್ಥಧಾರಿ ಇದ್ದ ದಿನ ವಾಲಿಯೇ ಗೆದ್ದ ಅಂತ ಜನ ಮಾತಾಡ್ಕೊಳ್ತಾ ಮನೆಗೆ ಹೋಗ್ತಿದ್ರು, ದೇವರ ಎದುರಿಗೇ ಕೂತು ದೇವರು ಮಾಡಿದ್ದು ಸರಿಯಾ ಅಂತ ಕೇಳೋ ಜನ ನಾವು. ಆದ್ರೆ ನಂಗೆ ಚಿಕ್ಕಂದಿನಿಂದ ಮನಸ್ಸಲ್ಲಿ ಕೂತಿದ್ದು ಬೇರೆ. ರಾಮ ಮರದ ಹಿಂದಿನಿಂದ ಹೊರಗೆ ಬಂದ. ಸಾಯ್ತಾ ಇರೋನ ಎದುರಿಗೆ ನಿಂತ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಉತ್ತರ ಸಾಕಾಯ್ತಾ ಇಲ್ವಾ ಅದು ಬೇರೆ, ನಾನೇ ಹೊಡೆದದ್ದು, ಯಾಕೆ ಹೊಡೆದೆ ಅಂದ್ರೆ ಹೀಗೆ ಅಂತ ಹೇಳಿದ.

ಭಾರತದ ಕಥೆಯೂ ಅಷ್ಟೇ. ಅಶ್ವತ್ಥಾಮ ಸತ್ತ, ಆನೆ, ಅಂತ ಧರ್ಮರಾಯ ಅರ್ಧ ಮಾತು ಗಟ್ಟಿಯಾಗಿ ಅರ್ಧ ಮಾತು ಮೆಲ್ಲಗೆ ಹೇಳಿದ, ದ್ರೋಣ ಬಿದ್ದ, ಯುದ್ಧ ಗೆದ್ದಾಯ್ತು. ಆದ್ರೆ ನಮ್ಮ ಹಿರಿಯರು ಕಥೆಯನ್ನ ಅಲ್ಲಿಗೇ ನಿಲ್ಲಿಸಲಿಲ್ಲ. ಭೂಮಿಯಿಂದ ನಾಲ್ಕು ಬೆರಳು ಮೇಲೆ ಓಡ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ಇಳೀತು. ಕೊನೆಯಲ್ಲಿ ಅವನಿಗೆ ನರಕ ತೋರಿಸಿದ್ದೂ ಅದೊಂದು ಮಾತಿಗೇ. ಕೃಷ್ಣನಿಗೆ ಗಾಂಧಾರಿಯ ಶಾಪ, ಕಣ್ಣೆದುರಿಗೇ ತನ್ನ ಕುಲ ಹೊಡೆದಾಡ್ಕೊಂಡು ಸತ್ತಿದ್ದು ನೋಡಿದ. ಅಡ್ಡದಾರಿ ಹಿಡಿದವರು ಅದರ ಸುಂಕ ತಾವೇ ಕಟ್ಟಿದ್ರು. ನೀವು ಕೃಷ್ಣನ ಹೆಸರು ಹೇಳಿ ತಂತ್ರ ಮಾಡ್ತೀರಲ್ಲ, ಸುಂಕ ಕಟ್ಟೋದು ಯಾರು? ನೀರಿನ ಯೋಜನೆಯಲ್ಲಿ ಕಟ್ಟಿದ್ದು ನನ್ನ ಆಯಿ. ನಾನು ಕೇಳ್ಬೇಕು ಅಂತಿರೋದು ಇದೊಂದೇ, ಉಳಿದದ್ದೆಲ್ಲ ಇದರ ಸುತ್ತಲೇ.

ಕೆಲವರು ಚಾಣಕ್ಯನ ಹೆಸರು ಹೇಳ್ತಾರೆ. ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಲ್ಲೇ, ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು. ಅದರಲ್ಲಿ ಕೆಟ್ಟ ಉಪಾಯ ಬೇಕಾದಷ್ಟಿದೆ, ಸುಳ್ಳು ಯಾಕೆ ಹೇಳ್ಲಿ. ಬೊಕ್ಕಸ ಖಾಲಿ ಆದಾಗ ರಾತ್ರಿ ಹೊತ್ತಲ್ಲಿ ದೇವರು ತಾನಾಗೇ ಉದ್ಭವ ಆಗಿದೆ ಅಂತ ಮಾಡಿ ಜಾತ್ರೆ ನಡೆಸಿ ದುಡ್ಡು ಎತ್ತು ಅಂತಲೂ ಹೇಳ್ತಾನೆ. ಆದ್ರೆ ಅದೇ ಅಧ್ಯಾಯದ ಕೊನೆಗೆ, ಇದೆಲ್ಲ ರಾಜದ್ರೋಹಿಗಳ ಮೇಲೆ, ಅಧರ್ಮಿಗಳ ಮೇಲೆ ಮಾತ್ರ, ಬೇರೆಯವರ ಮೇಲೆ ಅಲ್ಲ ಅಂತಾನೆ, ಮತ್ತೆ ತೋಟದಲ್ಲಿ ಹಣ್ಣಾದ್ದನ್ನಷ್ಟೇ ಕೊಯ್ದ ಹಾಗೆ ರಾಜ್ಯದಿಂದ ತಗೋ, ಕಾಯಿ ಕಿತ್ರೆ ಜನ ದಂಗೆ ಏಳ್ತಾರೆ ಅಂತಾನೆ. ಇದು ನಮ್ಮೂರಿನವರಿಗೆ ಚಂದ ಗೊತ್ತಾಗೋ ಮಾತು. ಮೇ ತಿಂಗಳಲ್ಲಿ ಅಂಕೋಲೆ ರಸ್ತೆ ಬದಿ ಬುಟ್ಟಿ ಇಟ್ಕೊಂಡು ಕರಿ ಇಶಾಡ ಮಾವಿನಹಣ್ಣು ಮಾರೋ ಹೆಂಗಸರ ಹತ್ರ ಕೇಳಿ, ಕಾಯಿ ಬಲಿಯೋ ಮುಂಚೆ ಕಿತ್ರೆ ಏನಾಗ್ತದೆ ಅಂತ, ಅಡಿಹಾಕಿದ್ರೂ ಹಣ್ಣಾಗೋದಿಲ್ಲ, ಬಾಡ್ತದೆ, ಸೊನೆ ಕೈ ಸುಡ್ತದೆ. ಜನರ ಒಪ್ಪಿಗೆಯೂ ಹಾಗೇ ಅಲ್ದಾ? ಆಯಿಯ ಒಪ್ಪಿಗೆ ಹಣ್ಣಾಗಿತ್ತು, ನಿಲುಕೋ ಎತ್ತರದಲ್ಲೇ ಇತ್ತು, ಆದ್ರೂ ಕೊಕ್ಕೆ ಹಾಕಿ ಕೊಂಬೆ ಮುರಿದ್ರು.

ಇನ್ನು ಇಟಲಿಯ ಮಾಕಿಯಾವೆಲ್ಲಿ. 1513ರ ಹೊತ್ತಿಗೆ ಕೆಲಸ ಕಳ್ಕೊಂಡು ಜೈಲಲ್ಲಿ ಚಿತ್ರಹಿಂಸೆ ಅನುಭವಿಸಿ ಬಂದವನು, ರಾಜನಾದವನಿಗೆ ಒಳ್ಳೆಯವನಾಗದೆ ಇರೋದೂ ಗೊತ್ತಿರಬೇಕು ಅಂತ ಬರೆದ. ಅವನ ಕಾಲದ ರಾಜನನ್ನ ಜನ ಆರಿಸಿ ಕಳಿಸಿರಲಿಲ್ಲ. ನಿಮ್ಮನ್ನ ನಾವು ಕಳಿಸಿದ್ದು.

ನಾನು ಎಳೆ ಮಗುವಿನ ಹಾಗೆ ಮಾತಾಡ್ತಾ ಇಲ್ಲ. ಕಾರವಾರದಲ್ಲಿ ನೌಕಾನೆಲೆ ಇದೆ, ಯಾವ ಹಡಗು ಎಲ್ಲಿಗೆ ಹೋಗ್ತದೆ ಅಂತ ಬೋರ್ಡ್ ಹಾಕೋಕಾಗೋದಿಲ್ಲ, ಗೊತ್ತು. ಒಂದು ಜೀವ ಉಳಿಸೋಕೆ ಸುಳ್ಳು ಹೇಳಿದವರನ್ನ ನಾನು ತಪ್ಪು ಅನ್ನೋದಿಲ್ಲ. ಗಲಾಟೆ ಆಗೋ ಹೊತ್ತಲ್ಲಿ ಪೊಲೀಸರು ಸ್ವಲ್ಪ ಹೊತ್ತು ಸುದ್ದಿ ತಡೆ ಹಿಡಿದ್ರೆ ಅದೂ ಅರ್ಥ ಆಗ್ತದೆ. ಆದ್ರೆ ಶತ್ರುವಿಂದ ಮುಚ್ಚಿಡೋದು ಬೇರೆ, ವೋಟು ಹಾಕಿದವರಿಂದಲೇ ಮುಚ್ಚಿಡೋದು ಬೇರೆ. ಮೊದಲನೇದಕ್ಕೆ ಒಂದು ಕೊನೆ ಇರ್ತದೆ, ಯುದ್ಧ ಮುಗೀತದೆ, ಕಡತ ತೆರೀತಾರೆ. ಎರಡನೇದು ಅಭ್ಯಾಸ ಆಗಿಬಿಡ್ತದೆ. 1975ರ ಜೂನ್ 25ರ ರಾತ್ರಿ ದೇಶದ ಶಿಸ್ತಿಗೆ, ಬಡವರ ಉದ್ಧಾರಕ್ಕೆ ಅಂತಲೇ ತುರ್ತು ಪರಿಸ್ಥಿತಿ ತಂದ್ರು, 21 ತಿಂಗಳು ಪತ್ರಿಕೆಗೆ ಸೆನ್ಸಾರು, ಕೇಳಿದವರಿಗೆ ಜೈಲು, ಕೊನೆಗೆ ಬಡವರನ್ನೇ ಹಿಡ್ಕೊಂಡು ಹೋಗಿ ಸಂತಾನಹರಣ ಆಪರೇಷನ್. ಗುರಿ ಭಾಷಣದಲ್ಲೇ ಉಳೀತು, ಜನರಿಗೆ ಸಿಕ್ಕಿದ್ದು ದಾರಿ ಮಾತ್ರ.

ಇದೇ ಅಂಕೋಲೆಯನ್ನ, ಗುಜರಾತಿನಲ್ಲಿ ರೈತರು ಕರ ಕೊಡೋದಿಲ್ಲ ಅಂತ ನಿಂತ ಬಾರ್ಡೋಲಿಯ ಹೆಸರಲ್ಲಿ, ಕರ್ನಾಟಕದ ಬಾರ್ಡೋಲಿ ಅಂತ ನೀವೇ ಪ್ರತಿ ಆಗಸ್ಟ್ 15ಕ್ಕೆ ಭಾಷಣ ಮಾಡ್ತೀರಿ. ಯಾಕೆ ಹಾಗೆ ಕರೆದ್ರು ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ. ಗಾಂಧೀಜಿ ಉಪ್ಪಿನ ಕಾಯ್ದೆ ಮುರಿಯೋ ಮುಂಚೆ 1930ರ ಮಾರ್ಚ್ 2ಕ್ಕೆ ವೈಸರಾಯ್‌ಗೇ ಪತ್ರ ಬರೆದು ನಾನು ಹೀಗೆ ಮಾಡ್ತೇನೆ ಅಂತ ತಿಳಿಸಿದ್ರು. ಎದುರಾಳಿಗೇ ಮುಂಚೆ ಹೇಳೋದು! ಏಪ್ರಿಲಲ್ಲಿ ಇಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಹಾಡುಹಗಲೇ ಊರೆಲ್ಲ ಸೇರಿ ಉಪ್ಪು ಮಾಡಿ ಬಹಿರಂಗವಾಗಿ ಹರಾಜು ಹಾಕಿದ್ರು. ಆಮೇಲೆ ಅಂಕೋಲೆ, ಸಿರಸಿ, ಸಿದ್ದಾಪುರದ ರೈತರು ಕರ ಕೊಡೋದಿಲ್ಲ ಅಂತ ನಿಂತ್ರು. ಗದ್ದೆ ಹೋಯ್ತು, ತೋಟ ಹೋಯ್ತು, ಎಮ್ಮೆ ಹೋಯ್ತು, ಪಾತ್ರೆ ಪಗಡೆ ಸಹಿತ ಜಪ್ತಿ ಆಯ್ತು. ಬ್ರಿಟಿಷರಿಗೆ ಸುಳ್ಳು ಲೆಕ್ಕ ಬರೆದು ಕರ ತಪ್ಪಿಸ್ಕೊಳ್ಳೋದು ಸುಲಭ ಇತ್ತು ಅಲ್ದಾ, ಅದನ್ನ ಮಾಡಲಿಲ್ಲ, ಕೊಡೋದಿಲ್ಲ ಅಂತ ಹೇಳಿ ಕಳ್ಕೊಂಡ್ರು. ಸಿದ್ದಾಪುರದ ಮಾವಿನಗುಂಡಿ ಕಡೆ ಹೆಂಗಸರು, ಜಪ್ತಿ ಆದ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತ್ರು. ಆ ಮನೆಗೆ ಬೆಂಕಿ ಹಚ್ಚಬಹುದಿತ್ತು, ಹಚ್ಚಲಿಲ್ಲ, ತಮ್ಮ ಹೊಟ್ಟೆ ಸುಟ್ಕೊಂಡ್ರು. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲಷ್ಟೇ ಜಮೀನು ವಾಪಸ್ ಬಂದದ್ದು. ಅಷ್ಟು ವರ್ಷ ಕೂಲಿ ಮಾಡಿ ಬದುಕಿದ ಮನೆಗಳಿವೆ. ಆ ಹೋರಾಟಕ್ಕೂ ಗುರಿ ಇತ್ತು, ನಿಮ್ಮ ಯಾವ ಗುರಿಗಿಂತಲೂ ದೊಡ್ಡದು.

ಅದೆಲ್ಲ ಗಾಂಧಿ ಕಾಲ, ಅಧಿಕಾರದಲ್ಲಿ ಕೂತವರ ಕಷ್ಟ ಬೇರೆ ಅಂತೀರಿ, ಸರಿ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರನ್ನೇ ತಗೊಳ್ಳಿ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು, 1983ರಲ್ಲಿ ಮುಖ್ಯಮಂತ್ರಿ ಆದವರು, ಮೌಲ್ಯಾಧಾರಿತ ರಾಜಕಾರಣ ಅನ್ನೋ ಮಾತನ್ನ ಮನೆಮನೆಗೆ ತಂದವರು. ಅವರ ಕಾಲದಲ್ಲೇ ಟೆಲಿಫೋನ್ ಕದ್ದಾಲಿಕೆ ಗಲಾಟೆ ಆಯ್ತು. 1988ರಲ್ಲಿ ನೈತಿಕ ಹೊಣೆ ಅಂತ ಕುರ್ಚಿ ಬಿಟ್ರು. ಅವರು ದೇವರಾಗಿದ್ರು ಅಂತ ನಾನು ಹೇಳ್ತಾ ಇಲ್ಲ, ಜನರ ಫೋನ್ ಕೇಳಿಸ್ಕೊಂಡಿದ್ದು ತಪ್ಪೇ, ಅವರ ಸರ್ಕಾರದ ಮೇಲೆ ಬೇರೆ ಆರೋಪಗಳೂ ಇದ್ವು. ಆದ್ರೆ ಮರದ ಹಿಂದಿನಿಂದ ಹೊರಗೆ ಬಂದು ನಿಂತ್ರಲ್ಲ, ಸುಂಕ ತಾವು ಕಟ್ಟಿದ್ರಲ್ಲ. ಈಗಿನವರಲ್ಲಿ ಹಾಗೆ ಬಿಟ್ಟವರ ಹೆಸರು ಹೇಳಿ ಅಂದ್ರೆ ನಮ್ಮ ಮಕ್ಕಳಿಗೆ ಯಾರ ಹೆಸರು ಹೇಳ್ಲಿ?

ಲೋಕಾಯುಕ್ತ ಕಾಯ್ದೆ ತಂದದ್ದೂ ಅವರ ಸರ್ಕಾರವೇ, 1984ರ ಕಾಯ್ದೆ. ಅಧಿಕಾರದಲ್ಲಿದ್ದವರು ತಮ್ಮನ್ನೇ ಹಿಡಿಯೋಕೆ ತಾವೇ ಕಾವಲು ಇಟ್ಟಿದ್ದು. ಅದೇ ಲೋಕಾಯುಕ್ತ ಕೊನೆಗೆ ಬಂದಿದ್ದು ನಮ್ಮ ಬೇಲೆಕೇರಿ ಬಂದರಿಗೆ. ಆ ದಿನಗಳು ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಹಗಲೂ ರಾತ್ರಿ ಅದಿರಿನ ಲಾರಿ, ಒಣಗೋಕೆ ಹಾಕಿದ ಬಟ್ಟೆ ಕೆಂಪು, ಗಿಡದ ಎಲೆ ಕೆಂಪು, ಮಕ್ಕಳ ಯುನಿಫಾರ್ಮ್ ಎಷ್ಟು ಒಗೆದ್ರೂ ಬಿಳಿ ಆಗ್ತಿರಲಿಲ್ಲ. ಆಗಲೂ ಇದೇ ಮಾತು ಹೇಳಿದ್ರು, ರಾಜ್ಯಕ್ಕೆ ದುಡ್ಡು ಬರ್ತದೆ, ಜಿಲ್ಲೆಗೆ ಕೆಲಸ ಬರ್ತದೆ, ಕಾನೂನು ಕಾನೂನು ಅಂತ ಕೂತ್ರೆ ಅಭಿವೃದ್ಧಿ ಆಗೋದಿಲ್ಲ. 2010ರಲ್ಲಿ ಸರ್ಕಾರವೇ ಜಪ್ತಿ ಮಾಡಿಟ್ಟ ಅದಿರು, ಲಕ್ಷಗಟ್ಟಲೆ ಟನ್, ಬಂದರಿಂದ ಕಾಣೆ ಆಯ್ತು. ಅದನ್ನ ಹಿಡಿದ ಅರಣ್ಯ ಅಧಿಕಾರಿಯನ್ನೇ ಸಸ್ಪೆಂಡ್ ಮಾಡೋಕೆ ಹೊರಟಾಗ ಲೋಕಾಯುಕ್ತ ಸಂತೋಷ ಹೆಗ್ಡೆಯವರು ರಾಜೀನಾಮೆ ಕೊಟ್ರು, ಆಮೇಲೆ ವಾಪಸ್ ತಗೊಂಡು 2011ರಲ್ಲಿ ವರದಿ ಕೊಟ್ರು. ತಪ್ಪಿತಸ್ಥರು ಯಾರು ಅಂತ ಹೇಳೋದು ಕೋರ್ಟಿನ ಕೆಲಸ, ನಂದಲ್ಲ. ಆದ್ರೆ ಕಾನೂನು ಸ್ವಲ್ಪ ಪಕ್ಕಕ್ಕಿಟ್ರೆ ಜಿಲ್ಲೆ ಉದ್ಧಾರ ಅಂದಿದ್ರಲ್ಲ, ಬೇಲೆಕೇರಿಗೆ ಹೋಗಿ ನೋಡ್ಕೊಂಡು ಬನ್ನಿ, ಎಷ್ಟು ಉದ್ಧಾರ ಆಗಿದೆ ಅಂತ.

ಪಕ್ಷಾಂತರದ್ದು ಜಾಸ್ತಿ ಬರೆಯೋದಿಲ್ಲ, ಬೇಸರ ಬಂದಿದೆ. 2019ರಲ್ಲಿ 17 ಶಾಸಕರು ಅನರ್ಹ ಆದ್ರು, ಅದರಲ್ಲಿ ನಮ್ಮ ಯಲ್ಲಾಪುರ ಕ್ಷೇತ್ರವೂ ಒಂದು, ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂದ್ರೂ ಚುನಾವಣೆಗೆ ನಿಲ್ಲಬಹುದು ಅಂತು, ಡಿಸೆಂಬರಲ್ಲಿ ಉಪಚುನಾವಣೆ ಆಯ್ತು. ಕ್ಷೇತ್ರದ ಅಭಿವೃದ್ಧಿಗಾಗಿ ಅಂತಲೇ ಎಲ್ಲರೂ ಹೇಳಿದ್ದು. ಯಾವ ಪಕ್ಷವೂ ಇದರಲ್ಲಿ ಕೈ ತೊಳ್ಕೊಂಡು ನಿಲ್ಲೋ ಹಾಗಿಲ್ಲ. ವೋಟು ಹಾಕಿದವರನ್ನ ಮೊದಲು ಕೇಳಿ ಆಮೇಲೆ ಹೋಗಿದ್ರೆ ನಂಗೆ ಇಷ್ಟು ನೋವಾಗ್ತಿರಲಿಲ್ಲ. ಇಲ್ಲೂ ಆಯಿಯ ಮಾತೇ, ಕೇಳ್ಬಹುದಿತ್ತಲ್ಲ.

ನಂಗೆ ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಇದಕ್ಕೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತಲ್ಲ, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷ, ಮೂರು ತಲೆಮಾರಿನಿಂದ ಇಲ್ಲೇ ಇದ್ದೇವೆ ಅಂತ ಪುರಾವೆ ಕೊಡ್ಬೇಕು. ನನ್ನ ಅಂಗಡಿಗೆ ಬರ್ತಾರೆ, ಪ್ಲಾಸ್ಟಿಕ್ ಕೊಟ್ಟೆಯೊಳಗೆ ಗೆದ್ದಲು ತಿಂದ ರಸೀದಿ, ಅಜ್ಜನ ಶಾಲೆ ಸರ್ಟಿಫಿಕೇಟು, ಮುರಿದು ಬಿದ್ದ ಮನೆಯ ಅಡಿಪಾಯದ ಫೋಟೋ. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೆ ಅರ್ಜಿ ತಿರಸ್ಕಾರ. ಒಬ್ರು ಅಜ್ಜಿ ನಾನು ಹೇಳಿದ ಇಸವಿಯನ್ನ ತಿದ್ದಿ, ಬೇಡ ಮಗಾ, ಅಷ್ಟು ಹಿಂದೆ ಅಲ್ಲ, ಇದ್ದದ್ದೇ ಬರಿ, ದೇವರು ನೋಡ್ತಾ ಇದ್ದಾನೆ ಅಂದ್ರು. ತನ್ನ ಮನೆ ಉಳಿಸ್ಕೊಳ್ಳೋ ಗುರಿಗಿಂತ ದೊಡ್ಡ ಗುರಿ ಅವರಿಗೆ ಇನ್ನೇನಿದೆ ಹೇಳಿ. ಅವರು ಸುಳ್ಳು ಇಸವಿ ಬರೆಸಲಿಲ್ಲ. ಬರೆಸಿದ್ರೆ ನೀವು ಕೇಸ್ ಹಾಕ್ತಿದ್ರಿ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಸಹಿ ತಗೊಳ್ಳೋ ಮುಂಚೆ ಹಾಳೆಯ ತಲೆಬರಹ ಕನ್ನಡದಲ್ಲಿ ಬರೆದು ಎಲ್ಲರೆದುರು ಗಟ್ಟಿಯಾಗಿ ಓದಿ, ಸಹಿ ಹಾಕಿದವರಿಗೆ ಒಂದು ಕಾಪಿ ಕೈಗೆ ಕೊಡಿ, ಝೆರಾಕ್ಸಿಗೆ ಎರಡು ರೂಪಾಯಿ, ಬೇಕಾದ್ರೆ ನಾನು ಪುಕ್ಕಟೆ ಮಾಡಿಕೊಡ್ತೇನೆ. ದೊಡ್ಡ ಯೋಜನೆಗಳ ಸಾರ್ವಜನಿಕ ಅಹವಾಲಿಗೆ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ವರದಿಯ ಸಾರಾಂಶ ಇಲ್ಲಿನ ಭಾಷೆಯಲ್ಲಿ ಇರ್ಬೇಕು ಅಂತ ಪರಿಸರ ಪರಿಣಾಮ ಅಧ್ಯಯನದ 2006ರ ಕೇಂದ್ರ ಅಧಿಸೂಚನೆಯಲ್ಲೇ ಇದೆ, ಅದನ್ನ ಪೇಪರಿನ ಮೂಲೆಯಲ್ಲಿ ಹಾಕಿ ಕೈ ತೊಳ್ಕೊಳ್ಬೇಡಿ, ಮೀನು ಪೇಟೆಗೆ ಬಂದು ಹೇಳಿ. ಏನಾದ್ರೂ ಮುಚ್ಚಿಡಲೇಬೇಕಾದ ವಿಷಯ ಇದ್ರೆ, ಇಂಥದ್ದು ಈಗ ಹೇಳೋಕಾಗೋದಿಲ್ಲ, ಇಂಥ ದಿನ ಹೇಳ್ತೇವೆ ಅಂತಾದ್ರೂ ಹೇಳಿ, ನಾವು ಕಾಯ್ತೇವೆ, ಕಾದು ಅಭ್ಯಾಸ ಇದೆ ನಮಗೆ. ತಪ್ಪಾಗಿದ್ರೆ ಮರದ ಮರೆಯಿಂದ ಹೊರಗೆ ಬಂದು ನಾನೇ ಮಾಡಿದ್ದು ಅನ್ನಿ.

ಮತ್ತೆ ನಮ್ಮೂರಿನ ಆ ಕಾಗದ. ಕತ್ತರಿಸಿದ ಮೇಲಿನ ತುಂಡು, "ಸಭೆಗೆ ಹಾಜರಾದವರು" ಅಂತ ಇದ್ದದ್ದು, ಎಲ್ಲೋ ಒಂದು ಫೈಲಲ್ಲಿ ಇರಬಹುದು, ಹರಿದು ಬಿಸಾಡಿರಲೂಬಹುದು. ಇದ್ರೆ ಅದನ್ನ ಹುಡುಕಿಸಿ ಕೊಡಿ. ಇಲ್ಲಾಂದ್ರೆ ಇಲ್ಲ ಅಂತ ಒಂದು ಸಾಲು ಬರೆದು ಕೊಡಿ, ನಿಮ್ಮ ಸಹಿ ಹಾಕಿ.

ಈ ಪತ್ರ ನಿನ್ನೆ ರಾತ್ರಿ ಆಯಿಗೆ ಓದಿ ಹೇಳಿದೆ. ಕೆಳಗೆ ನೀನೂ ಸಹಿ ಹಾಕ್ತೀಯಾ ಅಂತ ಕೇಳಿದೆ. ಅವಳು ಕನ್ನಡಕ ಹಾಕ್ಕೊಂಡು ಮೊದಲನೇ ಹಾಳೆ ಕೈಗೆ ತಗೊಂಡು, ಅಂಚಿನ ಮೇಲೆ ಬೆರಳಾಡಿಸಿ, "ಮೇಲಿಂದ ಇನ್ನೊಂದ್ಸಲ ಓದು" ಅಂದ್ಲು. ಓದ್ತಾ ಇದ್ದೇನೆ.

ಇಂತಿ,
ಅಂಕೋಲೆಯ ಒಬ್ಬಳು ಟೈಪಿಂಗ್ ಅಂಗಡಿಯವಳು